ಒಂದ್ಸಲ ನೋಡಬಹುದು

2023ರ ಮೇ ತಿಂಗಳ ಕೊನೆ. ಹಾಸನದ ಅಕ್ಕನ ಮನೆಗೆ ಬಂದಿದ್ದವಳು ಚಿಕ್ಕಮಗಳೂರಿಗೆ ವಾಪಸ್ ಹೊರಡುವ ಮುಂಚೆ ಮ್ಯಾಟಿನಿಗೆ ಒಬ್ಬಳೇ ಹೋಗಿ 'ಡೇರ್‌ಡೆವಿಲ್ ಮುಸ್ತಾಫಾ' ನೋಡಿದೆ. ತೇಜಸ್ವಿಯವರ ಕಥೆ. ಅವರ ಓದುಗರೇ ದುಡ್ಡು ಹಾಕಿ ಮಾಡಿದ ಸಿನಿಮಾ. ಅದನ್ನು ಜನರ ಮುಂದೆ ತಂದವರು ನಮ್ಮ ಅರಸೀಕೆರೆ ಕಡೆಯ ಧನಂಜಯ. ಹೋಗೋದಕ್ಕೆ ನನಗೆ ಇಷ್ಟು ಕಾರಣ ಸಾಕಿತ್ತು. ಹಿಂದೂ ವಿದ್ಯಾರ್ಥಿಗಳೇ ತುಂಬಿದ ಕಾಲೇಜು, ಕ್ಲಾಸಿಗೆ ಹೊಸದಾಗಿ ಬಂದ ಒಬ್ಬ ಹುಡುಗ, ಅವನ ಬಗ್ಗೆ ಏನೂ ಗೊತ್ತಿಲ್ಲದೆ ಉಳಿದವರು ಕಟ್ಟಿಕೊಳ್ಳುವ ಕಥೆಗಳು. ನಕ್ಕೆ. ಪಕ್ಕದಲ್ಲಿದ್ದ ಅಜ್ಜಿಯೂ ನಕ್ಕರು. ಆದರೆ ಮಧ್ಯದಲ್ಲಿ ಎಲ್ಲೋ ಒಂದು ಕಡೆ ನನಗೆ ತೆರೆ ಕಾಣಿಸುತ್ತಲೇ ಇರಲಿಲ್ಲ. ಎಂಟನೇ ಕ್ಲಾಸಿನ ಕೊನೆ ಬೆಂಚು ಕಾಣಿಸುತ್ತಿತ್ತು. ಗಂಟಲು ಕಟ್ಟಿತ್ತು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ.

ಹೊರಗೆ ಬಂದಾಗ ಮಳೆ ಹನಿಯುತ್ತಿತ್ತು. ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದೆ. ಅಕ್ಕನ ಮಗನ ಮೆಸೇಜ್ ಬಂತು. 'ಚಿಕ್ಕಮ್ಮ, ಹೆಂಗಿತ್ತು?' ಒಂದು ಕೈಯಲ್ಲಿ ಕೊಡೆ, ಭುಜದಲ್ಲಿ ಬ್ಯಾಗು. ಇನ್ನೊಂದು ಕೈಯ ಹೆಬ್ಬೆರಳಲ್ಲಿ 'ಒಂದ್ಸಲ ನೋಡಬಹುದು' ಅಂತ ಒತ್ತಿ ಕಳಿಸಿದೆ. ಅವನು ಹೆಬ್ಬೆರಳೆತ್ತಿದ ಚಿತ್ರ ಕಳಿಸಿದ. ಮಾತು ಅಲ್ಲಿಗೆ ಮುಗೀತು. ಬಸ್ಸು ಹಗರೆ ದಾಟುವ ಹೊತ್ತಿಗೆ ನನಗೆ ಕಸಿವಿಸಿ ಶುರುವಾಯಿತು. ಹತ್ತು ನಿಮಿಷ ಕತ್ತಲಲ್ಲಿ ಕೂತು ಅತ್ತವಳು ನಾನೇ. ಆ ಎರಡು ಪದ ಬರೆದವಳೂ ನಾನೇ. ಇವೆರಡಕ್ಕೂ ಏನು ಸಂಬಂಧ? ಅವತ್ತಿನಿಂದ ಈ ಪ್ರಶ್ನೆ ಬಿಟ್ಟಿಲ್ಲ. ಬೇರೆಯವರ ಬಾಯಲ್ಲಿ ಆ ಮಾತು ಕೇಳಿದರೂ ತಲೆ ಎತ್ತಿ ನೋಡುತ್ತೇನೆ.

ನಾನು ಸಿನಿಮಾ ಕಲಿತವಳಲ್ಲ, ಸಂಗೀತ ಕಲಿತವಳೂ ಅಲ್ಲ. ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಿನಿಮಾ, ತಿಂಗಳಿಗೊಂದು ಪುಸ್ತಕ, ಅಡುಗೆ ಮಾಡುವಾಗ ಹಾಡು. ನನ್ನಂಥವರೇ ಜಾಸ್ತಿ ಅಲ್ವಾ? ಒಂದು ಸಿನಿಮಾ ಓಡೋದು, ಒಂದು ಹಾಡು ಊರೆಲ್ಲ ಕೇಳಿಸೋದು ನಮ್ಮಿಂದಲೇ. ಹಾಗಾಗಿ ನಾವು ಏನು ಹೇಳುತ್ತೇವೆ ಅನ್ನೋದಕ್ಕೂ ಬೆಲೆ ಇದೆ ಅಂತ ನನ್ನ ನಂಬಿಕೆ.

ಅಪ್ಪನ ಜೇಬಿನ ಟಿಕೆಟ್

ಈ ಮಾತು ನನಗೆ ಬಂದಿದ್ದು ಅಪ್ಪನಿಂದ. ತೊಂಬತ್ತರ ದಶಕದ ಹಾಸನ. ಹೊಸ ಸಿನಿಮಾ ಬಂದರೆ ಅಪ್ಪ ಮೊದಲು ಸೈಕಲ್ ಹತ್ತಿ ಸೆಕೆಂಡ್ ಶೋಗೆ ಹೋಗಿ ಬರುತ್ತಿದ್ದರು. ಬೆಳಗ್ಗೆ ಕಾಫಿ ಲೋಟ ಕೈಗೆ ಕೊಡುತ್ತಾ ಅಮ್ಮ ಕೇಳುತ್ತಿದ್ದರು, 'ಹೆಂಗಿದೆ?' ಅಪ್ಪನ ಹತ್ತಿರ ಮೂರೇ ಉತ್ತರ ಇದ್ದವು. 'ಮನೆಮಂದಿಯೆಲ್ಲ ನೋಡಬಹುದು', 'ಒಂದ್ಸಲ ನೋಡಬಹುದು', 'ಬೇಡ'. ಮೊದಲನೆಯದಾದರೆ ಭಾನುವಾರ ಐದು ಜನರೂ ಹೊರಡುತ್ತಿದ್ದೆವು. ಎರಡನೆಯದಾದರೆ ಅಮ್ಮ ಪಕ್ಕದ ಮನೆಯವರ ಜತೆ ಹೋಗುತ್ತಿದ್ದರು, ಮಕ್ಕಳು ಮನೆಯಲ್ಲೇ. ಐದು ಟಿಕೆಟ್ಟು, ಹೋಗಿಬರೋ ಆಟೋ, ಇಂಟರ್‌ವಲ್ಲಿನ ಕಡಲೆಕಾಯಿ. ಸಂಬಳದಲ್ಲಿ ಅದೆಲ್ಲ ಲೆಕ್ಕಕ್ಕೆ ಬರುತ್ತಿತ್ತು. ಅಪ್ಪ ಕೊಡುತ್ತಿದ್ದ ಉತ್ತರ ಆ ಲೆಕ್ಕಕ್ಕೆ. ಸಿನಿಮಾ ತಮಗೆ ಏನು ಮಾಡಿತು ಅಂತ ಅವರು ಯಾವತ್ತೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಒಂದು ಸಿನಿಮಾಕ್ಕೆ ಮಾತ್ರ ಅಪ್ಪ 'ಬೇಡ, ಸುಮಾರು' ಅಂದಿದ್ದರು. ಮುಂದಿನ ವಾರ ಬಟ್ಟೆ ಒಗೆಯೋವಾಗ ಅಮ್ಮನಿಗೆ ಅಪ್ಪನ ಅಂಗಿ ಜೇಬಲ್ಲಿ ಅದೇ ಟಾಕೀಸಿನ ಎರಡು ಟಿಕೆಟ್ ಚೂರು ಸಿಕ್ಕವು. ಒಂದು ತಿಳಿ ಹಸಿರು, ಇನ್ನೊಂದು ಗುಲಾಬಿ. ಬೇರೆ ಬೇರೆ ದಿನದವು. ಅಮ್ಮ ಅವನ್ನು ಕೈಯಲ್ಲಿ ಹಿಡಿದು ಒಗೆಯೋ ಕಲ್ಲಿನ ಪಕ್ಕ ನಿಂತಿದ್ದು ನನ್ನ ಕಣ್ಣ ಮುಂದಿದೆ. ಸೋಪಿನ ನೊರೆ ಮೊಣಕೈವರೆಗೂ ಇತ್ತು. ಅಪ್ಪನನ್ನು ಏನೂ ಕೇಳಲಿಲ್ಲ. ಒಣಗಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟರು. ಅದು ಯಾವ ಸಿನಿಮಾ ಅಂತ ನಾನು ದೊಡ್ಡವಳಾದ ಮೇಲೆ ಕೇಳಿದೆ. 'ಮಗ ಹೊಲ ಬಿಟ್ಟು ಪೇಟೆಗೆ ಹೋಗೋ ಕಥೆ ಕಣೇ' ಅಂದರು. ಅಪ್ಪ ಬೇಲೂರು ತಾಲೂಕಿನ ಊರು ಬಿಟ್ಟು ಹಾಸನದ ಗುಮಾಸ್ತಿಕೆಗೆ ಬಂದವರು. ತಾತ ಕೊನೆವರೆಗೂ ಅಪ್ಪನ ಜತೆ ಸರಿಯಾಗಿ ಮಾತಾಡಲಿಲ್ಲ.

ಆ ಎರಡು ಚೂರು ನೆನಪಾದಾಗಲೆಲ್ಲ ಅನ್ನಿಸುತ್ತದೆ, ಅಪ್ಪನ ನಿಜವಾದ ಅಭಿಪ್ರಾಯ ಬಾಯಲ್ಲಿರಲಿಲ್ಲ, ಜೇಬಲ್ಲಿತ್ತು.

ಅಂಕ ಯಾರಿಗೆ?

ಈಗ ಎಲ್ಲದಕ್ಕೂ ನಕ್ಷತ್ರ, ಹತ್ತಕ್ಕೆ ಇಷ್ಟು, ನೂರಕ್ಕೆ ಇಷ್ಟು. ನನಗೆ ಅದರ ಮೇಲೆ ಕೋಪವಿಲ್ಲ. ಆದರೆ ಅಂಕ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಚಿಕ್ಕಮಗಳೂರಿನಲ್ಲಿ, ಕಾಫಿಯಿಂದ. ನಮ್ಮವರ ಸ್ನೇಹಿತರೊಬ್ಬರು ಕಾಫಿ ರುಚಿ ನೋಡುವ ಕೆಲಸದಲ್ಲಿದ್ದಾರೆ. ಒಮ್ಮೆ ಅವರು ಕೆಲಸ ಮಾಡೋದನ್ನ ನೋಡೋಕೆ ಹೋಗಿದ್ದೆ. ಮೇಜಿನ ಮೇಲೆ ಸಾಲಾಗಿ ಬಟ್ಟಲು. ಒಂದೊಂದರಲ್ಲೂ ತೂಕ ಮಾಡಿದ ಪುಡಿ, 150 ಮಿಲಿ ಲೀಟರ್ ನೀರಿಗೆ 8.25 ಗ್ರಾಂ. ಬಿಸಿನೀರು ಹಾಕಿ ನಾಲ್ಕು ನಿಮಿಷ ಬಿಟ್ಟರು. ಮೇಲೆ ಪುಡಿ ಗಟ್ಟಿಯಾಗಿ ಕೆನೆ ಹಾಗೆ ಕಟ್ಟಿತು. ಮೂಗನ್ನು ಬಟ್ಟಲಿಗೇ ತಂದು ಚಮಚದಲ್ಲಿ ಆ ಪದರ ಒಡೆದರು. ಆಮೇಲೆ ಒಂದೊಂದೇ ಚಮಚ ಸುರ್ ಅಂತ ಜೋರಾಗಿ ಎಳೆದು, ಬಾಯಲ್ಲಿ ಆಡಿಸಿ, ಉಗಿದು, ಹಾಳೆಯಲ್ಲಿ ಬರೆದರು. ಹುಳಿ ಎಷ್ಟು, ಸಿಹಿ ಎಷ್ಟು, ಕುಡಿದ ಮೇಲೆ ಬಾಯಲ್ಲಿ ಏನು ಉಳಿಯಿತು. ನೂರಕ್ಕೆ 80 ದಾಟಿದರೆ ಅದು ಸ್ಪೆಷಾಲಿಟಿ ಕಾಫಿ, ಬೆಲೆಯೇ ಬೇರೆ. ಎಷ್ಟು ಶ್ರದ್ಧೆಯ ಕೆಲಸ ಅಂತೀರಿ! ಬೆಳಗ್ಗೆ ಈರುಳ್ಳಿ ಕೂಡ ಮುಟ್ಟೋದಿಲ್ಲವಂತೆ.

ಸಂಜೆ ಅವರ ಮನೆಯಲ್ಲೇ ಕಾಫಿ. ಚಿಕೋರಿ ಬೆರೆಸಿದ ಪುಡಿ, ಹಿತ್ತಾಳೆ ಫಿಲ್ಟರಿನ ಡಿಕಾಕ್ಷನ್, ದಪ್ಪ ಹಾಲು. ಕಣ್ಣು ಮುಚ್ಚಿ ಕುಡಿದರು. 'ಅಣ್ಣ, ಇದಕ್ಕೆಷ್ಟು ಅಂಕ?' ಅಂದೆ. ಅವರು ಲೋಟ ಕೆಳಗಿಟ್ಟು ಯೋಚಿಸಿದರು. 'ಅಂಕ ಬೇಕಾಗೋದು ಇನ್ನೂ ಕುಡೀದೇ ಇರೋರಿಗೆ ಕಣಮ್ಮ. ಎಲ್ಲೋ ದೂರ ಕೂತು ಕೊಳ್ಳೋರಿಗೆ. ನಾನು ಇದನ್ನ ಕುಡೀತಾ ಇದೀನಲ್ಲ' ಅಂದರು.

ಅಪ್ಪನ ಮೂರು ಉತ್ತರಗಳೂ ಇನ್ನೂ ಕುಡಿಯದೇ ಇದ್ದ ನಮಗಾಗಿಯೇ ಇದ್ದವು. ಅದು ಅವರ ಪ್ರೀತಿ. ಆದರೆ ನಾನು ಅದನ್ನೇ ಹಿಡಿದುಕೊಂಡು, ನನ್ನೊಳಗೆ ನಡೆದದ್ದಕ್ಕೂ ಅದೇ ಮಾತು ಹೇಳುತ್ತಾ ಬಂದೆ.

ಎರಡನೇ ಸಲ

ಹಾಗಾದರೆ ಎರಡನೇ ಸಲ ಹೋಗೋದೇ ನಿಜವಾದ ಅಭಿಪ್ರಾಯವಾ? ಕೆಲವು ಕಾಲ ಹಾಗೇ ಅಂದುಕೊಂಡಿದ್ದೆ. ಅದಕ್ಕೆ ನನ್ನ ಹತ್ತಿರ ಒಳ್ಳೆಯ ಸಾಕ್ಷಿಗಳೂ ಇದ್ದವು.

ತೇಜಸ್ವಿಯವರದೇ ಕಾದಂಬರಿ 'ಕರ್ವಾಲೋ' ಬಂದಿದ್ದು 1980ರಲ್ಲಿ, ನಾನು ಹುಟ್ಟುವ ಮುಂಚೆ. ನಾನು ಓದಿದ್ದು ಪಿಯುಸಿಯಲ್ಲಿ. ಹಾರುವ ಓತಿ ಯಾವಾಗ ಸಿಗುತ್ತೆ ಅಂತ ಪುಟ ತಿರುವಿದೆ. ಕೊನೆಗೆ ಅದು ಕೈಗೆ ಸಿಗದೆ ಹೋದಾಗ ಮೋಸ ಹೋದಂತಾಗಿ ಪುಸ್ತಕ ಮುಚ್ಚಿದೆ. ಮದುವೆಯಾಗಿ ಚಿಕ್ಕಮಗಳೂರಿಗೆ ಬಂದ ವರ್ಷ ಜುಲೈ ಮಳೆ ಹೇಗಿರುತ್ತೆ ಅಂತ ನನಗೆ ಗೊತ್ತಾಯಿತು. ಹಾಸನದ ಮಳೆ ಬಂದು ಹೋಗುತ್ತದೆ. ಇಲ್ಲಿನ ಮಳೆ ಬಂದು ಕೂರುತ್ತದೆ. ಕರೆಂಟಿಲ್ಲ, ಟಿವಿ ಇಲ್ಲ, ಬಟ್ಟೆ ಒಣಗಲ್ಲ. ಕಪಾಟಿನಲ್ಲಿ ಸಿಕ್ಕಿದ್ದು ಮತ್ತೆ ಅದೇ ಪುಸ್ತಕ. ಆ ಸಲ ಓತಿಯ ಕಡೆ ಗಮನವೇ ಹೋಗಲಿಲ್ಲ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಮಂದಣ್ಣನನ್ನು ಕರ್ವಾಲೋರಂಥ ದೊಡ್ಡ ವಿಜ್ಞಾನಿ ಯಾಕೆ ಅಷ್ಟು ಗೌರವದಿಂದ ನೋಡುತ್ತಾರೆ? ನಮ್ಮ ಮನೆಗೆ ಸೌದೆ ತರುತ್ತಿದ್ದ ಆಳಿಗೆ ಯಾವ ಹಕ್ಕಿ ಯಾವ ಮರದಲ್ಲಿ ಗೂಡು ಕಟ್ಟುತ್ತೆ ಅಂತ ಗೊತ್ತಿತ್ತು. ನಾನು ಅವರನ್ನು ಅದುವರೆಗೆ ಏನೂ ಕೇಳಿರಲಿಲ್ಲ. ಪುಸ್ತಕ ಮುಗಿದ ಮಾರನೇ ದಿನ ಕೇಳಿದೆ. ಕಾಫಿ ತಣ್ಣಗಾಗುವವರೆಗೂ ಹೇಳಿದರು. ಈಗ ಪ್ರತಿ ಮಳೆಗಾಲಕ್ಕೆ ಒಂದು ಸಲ ಓದುತ್ತೇನೆ. ಪುಟಗಳಿಗೆ ಬೂಷ್ಟು ಹಿಡಿಯುತ್ತೆ ಅಂತ ಪುಸ್ತಕವನ್ನು ಒಲೆಯ ಮೇಲಿನ ಗೂಡಿನಲ್ಲಿ ಇಡುತ್ತೇನೆ. ಬಿಡಿಸಿದರೆ ಹೊಗೆ ವಾಸನೆ.

ಹಾಡಿನ ಕಥೆಯೂ ಹೀಗೇ. ಸಿ. ಅಶ್ವಥ್ ನಮ್ಮ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು ಅಂತ ಅಮ್ಮನಿಗೆ ಹೆಮ್ಮೆ. ಹಾಸನ ಆಕಾಶವಾಣಿಯಲ್ಲಿ ಅವರ ಭಾವಗೀತೆ ಬಂದರೆ ರೊಟ್ಟಿ ತಟ್ಟೋದು ನಿಲ್ಲಿಸಿ ರೇಡಿಯೋ ದನಿ ಜಾಸ್ತಿ ಮಾಡುತ್ತಿದ್ದರು. ನನಗೆ ಆ ಗಂಟಲು ಒರಟು ಅನ್ನಿಸುತ್ತಿತ್ತು. ನಯವಾದ ಸಿನಿಮಾ ಹಾಡುಗಳೇ ಬೇಕಿದ್ದವು. ಅವರು ತೀರಿಕೊಂಡಿದ್ದು 2009ರ ಡಿಸೆಂಬರ್ 29ಕ್ಕೆ. ಮರುದಿನ ಬೆಳಗ್ಗೆ ವಿಷ್ಣುವರ್ಧನ್ ಹೋದರು. ನಾಡೆಲ್ಲ ಆ ದುಃಖದಲ್ಲಿ ಮುಳುಗಿತು. ಅಮ್ಮ ಮಾತ್ರ ಇಬ್ಬರಿಗೂ ಸೇರಿ ದೇವರ ಮುಂದೆ ದೀಪ ಹಚ್ಚಿದರು. ಅದಾಗಿ ಎಷ್ಟೋ ವರ್ಷದ ಮೇಲೆ, ಕತ್ತಲಲ್ಲಿ ಬೇಲೂರಿನಿಂದ ಬರುವ ಬಸ್ಸಿನಲ್ಲಿ ಡ್ರೈವರ್ ಅಶ್ವಥ್ ಹಾಡಿದ ಶರೀಫರ ಪದ ಹಾಕಿದ್ದರು. ಅದೇ ಒರಟು ಗಂಟಲು. ಆದರೆ ಅವತ್ತು ಅದು ಗದ್ದೆಯ ಆಚೆ ಬದುವಿನಲ್ಲಿ ನಿಂತು, ಹೊತ್ತಾಯಿತು ಬಾ ಅಂತ ಕೂಗಿ ಕರೆಯುವ ದನಿಯಾಗಿತ್ತು. ಅಷ್ಟು ದೂರ ಕೇಳಿಸಬೇಕು ಅಂದರೆ ಗಂಟಲು ನಯವಾಗಿದ್ದರೆ ಆಗುತ್ತಾ? ಬಸ್ಸಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಎರಡನೇ ಸಲ ಆಗದ್ದು

ಹೀಗೆ ನನ್ನ ಅಳತೆಗೋಲು ನನಗೆ ಸರಿಯಾಗಿಯೇ ಕಂಡಿತ್ತು. ಅದನ್ನು ಮುರಿದದ್ದು ನಮ್ಮ ಹಾಸನದ್ದೇ ಒಂದು ಕಥೆ.

2025ರ ಮೇ 20ರ ರಾತ್ರಿ ಲಂಡನ್‌ನಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಹನ್ನೆರಡು ಕಥೆಗಳು. ಕನ್ನಡಕ್ಕೆ ಮೊದಲನೇ ಸಲ, ಸಣ್ಣಕಥೆಗಳ ಪುಸ್ತಕಕ್ಕೂ ಮೊದಲನೇ ಸಲ. ಬೆಳಗ್ಗೆ ಅಕ್ಕ ಫೋನು ಮಾಡಿ, 'ನಮ್ಮೂರಿನ ಲಾಯರಮ್ಮ ಕಣೇ' ಅಂತ ಅತ್ತಳು. ಆ ವಾರವೇ ಪುಸ್ತಕ ತರಿಸಿದೆ. 'ಎದೆಯ ಹಣತೆ' ಕಥೆಗೆ ಬಂದೆ. ಗಂಡ ಬೇರೆಯವಳ ಹಿಂದೆ ಹೋಗಿದ್ದಾನೆ ಅಂತ ಮೆಹರುನ್ ಕೂಸು ಎತ್ತಿಕೊಂಡು ತವರಿಗೆ ಬರುತ್ತಾಳೆ. ತವರಿನವರು ಬುದ್ಧಿ ಹೇಳಿ ಮತ್ತೆ ಅದೇ ಮನೆಗೆ ತಂದು ಬಿಡುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಎತ್ತಿಕೊಳ್ಳುತ್ತಾಳೆ. ದೊಡ್ಡ ಮಗಳು ಎದ್ದು ಬಂದು ಅಮ್ಮನನ್ನು ತಬ್ಬಿ ಹಿಡಿಯುತ್ತಾಳೆ. ನಾನು ಪುಸ್ತಕ ಕೆಳಗಿಟ್ಟೆ. ನನ್ನ ಮಗಳು ಮಲಗಿದ್ದ ಕೋಣೆಗೆ ಹೋಗಿ ಹೊದಿಕೆ ಸರಿ ಮಾಡಿದೆ. ಸರಿಯಾಗೇ ಇತ್ತು ಹೊದಿಕೆ.

ಆಫೀಸಿನಲ್ಲಿ ಕೇಳಿದರು. 'ಮೇಡಂ, ಓದಿದ್ರಂತೆ. ಹೆಂಗಿದೆ?' ನಾಲಿಗೆ ತುದಿಗೆ ಬಂದಿತ್ತು, 'ಒಂದ್ಸಲ ಓದಬಹುದು'. ತಡೆದುಕೊಂಡೆ. ಆ ಕಥೆಯನ್ನು ನನ್ನಿಂದ ನಿಜಕ್ಕೂ ಒಂದು ಸಲ ಮಾತ್ರ ಓದಲು ಸಾಧ್ಯ. ಮತ್ತೆ ತೆಗೆದಿಲ್ಲ. ತೆಗೆಯುವ ಧೈರ್ಯ ಬಂದಿಲ್ಲ. ಇಷ್ಟು ವರ್ಷ ಸಾಧಾರಣದ್ದಕ್ಕೆಲ್ಲ ಹಚ್ಚಿದ ಮಾತನ್ನೇ ಇದಕ್ಕೆ ಹೇಗೆ ಹಚ್ಚಲಿ? ಕೊನೆಗೆ ಹೊದಿಕೆ ಸರಿ ಮಾಡಿದ್ದನ್ನೇ ಹೇಳಿದೆ. ಕೇಳಿದವರು ಒಂದು ಗಳಿಗೆ ಸುಮ್ಮನಿದ್ದು, 'ನನಗೆ ಕೊಡ್ತೀರಾ ಪುಸ್ತಕ?' ಅಂದರು. ಅವರಿಗೂ ಇಬ್ಬರು ಹೆಣ್ಣುಮಕ್ಕಳು.

ಬೊಂಬೆ ಥರ ನಿಂತವನು

ಕಳೆದ ಆಗಸ್ಟಿನಲ್ಲಿ ಅಕ್ಕನ ಮಗ ನಮ್ಮನೆಗೆ ಬಂದಿದ್ದ. ಈಗ ಹದಿನೆಂಟು, ಇಂಜಿನಿಯರಿಂಗ್ ಸೇರಿದ್ದಾನೆ. ಮಳೆ, ಕರೆಂಟಿಲ್ಲ. ಜಗಲಿಯಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದೆವು. ನನಗೆ ಅವನ ಹತ್ತಿರ ಕೇಳಬೇಕಾದ ಹಳೇ ಮಾತೊಂದಿತ್ತು. 2020ರಲ್ಲಿ ಅವನಿಗೆ ಹದಿಮೂರು. ಸ್ಕೂಲಿಲ್ಲ, ಮೊಬೈಲಿನಲ್ಲೇ ಕ್ಲಾಸು, ಕ್ಲಾಸು ಮುಗಿದರೆ ಪಬ್‌ಜಿ. ಸೆಪ್ಟೆಂಬರ್ 2ಕ್ಕೆ ಸರ್ಕಾರ ಅದನ್ನು ನಿಷೇಧಿಸಿತು. ಆಗಲೇ ಹಾಕಿಕೊಂಡವರ ಮೊಬೈಲಿನಲ್ಲಿ ಅಕ್ಟೋಬರ್ 30ರವರೆಗೆ ನಡೆಯುತ್ತಿತ್ತು. ಆ ಕೊನೆಯ ರಾತ್ರಿ ನಾನು ಹಾಸನದಲ್ಲೇ ಇದ್ದೆ. ಹುಡುಗ ದಿಂಬಿಗೆ ಮುಖ ಒತ್ತಿ ಅಳುತ್ತಿದ್ದ. 'ಆಟ ತಾನೇ, ಬಿಡೋ' ಅಂದಿದ್ದೆ. ಅವನು ಮುಖ ತಿರುಗಿಸಿಕೊಂಡಿದ್ದ. ಆ ತಿರುಗಿಸಿಕೊಂಡ ಮುಖ ನನಗೆ ಮರೆತಿಲ್ಲ. ಇಷ್ಟು ದಿನಕ್ಕೆ ಕೇಳಿದೆ, 'ಅವತ್ತು ಯಾಕೋ ಅಷ್ಟು ಅತ್ತೆ? ಏನಿತ್ತು ಆ ಆಟದಲ್ಲಿ?'

ಅವನು ಬೀಜದ ಸಿಪ್ಪೆ ಬಿಡಿಸುತ್ತಲೇ ಹೇಳಿದ. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ. ಆಡುವ ಜಾಗದ ಸುತ್ತಲಿನ ಗಡಿ, ಅವರ ಮಾತಲ್ಲಿ ಝೋನ್, ಒಳಕ್ಕೆ ಸರಿಯುತ್ತಾ ಬರುತ್ತದೆ, ಹೊರಗೆ ಉಳಿದವರು ಸಾಯುತ್ತಾರೆ. ಇಷ್ಟು ನನಗೂ ಗೊತ್ತಿತ್ತು. ಇವರದು ನಾಲ್ಕು ಜನರ ತಂಡ, ಎಲ್ಲ ಒಂದೇ ಕ್ಲಾಸಿನವರು. ಅದರಲ್ಲೊಬ್ಬ ಲಾಕ್‌ಡೌನ್ ಆದ ಮೇಲೆ ಸಕಲೇಶಪುರದ ಹತ್ತಿರದ ಎಸ್ಟೇಟಿಗೆ ಹೋಗಿಬಿಟ್ಟಿದ್ದ. ಅವರಪ್ಪ ಅಲ್ಲಿ ರೈಟರು, ಅಂದರೆ ಲೆಕ್ಕ ಬರೆಯುವವರು. ಮನೆಯಲ್ಲಿ ಸಿಗ್ನಲ್ ಇಲ್ಲ. ದಿಬ್ಬ ಹತ್ತಿ, ಕೊಡೆ ಹಿಡಿದು ಆಡುತ್ತಿದ್ದನಂತೆ. ಮಳೆ ಜೋರಾದರೆ ಸಿಗ್ನಲ್ ಹೋಗುತ್ತಿತ್ತು. 'ಆಗ ಆಟದಲ್ಲಿ ಅವನು ನಿಂತಲ್ಲೇ ನಿಂತುಬಿಡ್ತಿದ್ದ ಚಿಕ್ಕಮ್ಮ. ಬೊಂಬೆ ಥರ. ಯಾರು ಬೇಕಾದ್ರೂ ಹೊಡೀಬಹುದು.'

'ಆಗ ನೀವೇನು ಮಾಡ್ತಿದ್ರಿ?'

'ಸುತ್ತ ನಿಂತ್ಕೊಳ್ತಿದ್ವಿ. ಮೂರೂ ಜನ. ಅವನಿಗೆ ಬೆನ್ನು ಮಾಡಿ, ಹೊರಗಡೆ ನೋಡ್ಕೊಂಡು.'

ಝೋನ್ ಹತ್ತಿರ ಬರುತ್ತಿದ್ದರೂ ಬಿಟ್ಟು ಹೋಗುತ್ತಿರಲಿಲ್ಲವಂತೆ. ಎಷ್ಟೋ ಸಲ ಹಾಗೆ ಕಾಯುತ್ತಾ ನಾಲ್ವರೂ ಸೋತಿದ್ದಾರೆ. 'ಒಬ್ಬನನ್ನ ಬಿಟ್ಟು ಮುಂದೆ ಹೋಗಿದ್ರೆ ಗೆಲ್ತಿದ್ರಲ್ವಾ?' ಅಂದೆ. ಅವನು ನನ್ನನ್ನೇ ನೋಡಿದ. 'ಸಿಗ್ನಲ್ ಬಂದಾಗ ಅವನು ಒಬ್ನೇ ಇರ್ತಿದ್ನಲ್ಲ ಚಿಕ್ಕಮ್ಮ.'

ಅಕ್ಟೋಬರ್ 30ರ ರಾತ್ರಿ ನಾಲ್ವರೂ ಯಾರಿಗೂ ಗುಂಡು ಹೊಡೆಯಲಿಲ್ಲವಂತೆ. ಒಂದೇ ಜೀಪಿನಲ್ಲಿ ಕೂತು ಹಳೇ ಜಾಗಗಳನ್ನೆಲ್ಲ ಸುತ್ತಿದರಂತೆ. ಪೊಚಿಂಕಿ, ಸ್ಕೂಲು, ಆಮೇಲೆ ಸಮುದ್ರದ ದಡ. ಅಲ್ಲಿ ಜೀಪು ನಿಲ್ಲಿಸಿ ಮಾತಾಡುತ್ತಾ ಕೂತರಂತೆ, ಝೋನ್ ಬಂದು ಮುಗಿಸುವವರೆಗೆ. ಸಕಲೇಶಪುರದ ಹುಡುಗ ಆಮೇಲೆ ಹಾಸನದ ಸ್ಕೂಲಿಗೆ ವಾಪಸ್ ಬರಲೇ ಇಲ್ಲ. ನಾನು 'ಆಟ ತಾನೇ' ಅಂದಿದ್ದು ಇದಕ್ಕೆ. ಬೀಜದ ಸಿಪ್ಪೆಯನ್ನೆಲ್ಲ ಮೊರಕ್ಕೆ ಒಟ್ಟು ಮಾಡಿದೆ. 'ಅವತ್ತು ಹಾಗೆ ಅನ್ನಬಾರದಿತ್ತು ಕಣೋ' ಅಂದೆ. 'ಬಿಡು ಚಿಕ್ಕಮ್ಮ' ಅಂದ. ಸ್ವಲ್ಪ ಹೊತ್ತಾದ ಮೇಲೆ ಅವನೇ ಕೇಳಿದ. 'ನೀನು ಒಬ್ಳೇ ಹೋಗಿ ಒಂದು ಸಿನಿಮಾ ನೋಡಿದ್ಯಲ್ಲ, ತೇಜಸ್ವಿದು. ಅದು ಹೆಂಗಿತ್ತು?'

ಹೇಳಿದೆ. ಎಂಟನೇ ಕ್ಲಾಸಿನಲ್ಲಿ ವರ್ಷದ ಮಧ್ಯೆ ಒಬ್ಬಳು ಹುಡುಗಿ ಬಂದು ಸೇರಿದ್ದಳು. ಅವರಪ್ಪನಿಗೆ ವರ್ಗವಾಗಿ ಹಾಸನಕ್ಕೆ ಬಂದವರು. ಕ್ಲಾಸಿಗೆ ಅವಳೊಬ್ಬಳೇ ಮುಸ್ಲಿಂ. ಕೊನೆ ಬೆಂಚಿನಲ್ಲಿ ಕೂರುತ್ತಿದ್ದಳು. ಅವಳ ಡಬ್ಬಿಯಲ್ಲಿ ಏನಿರುತ್ತೆ ಅಂತ ನಾವು ನಾವೇ ಕಥೆ ಕಟ್ಟಿಕೊಂಡಿದ್ದೆವು, ಯಾರೂ ಹತ್ತಿರ ಹೋಗುತ್ತಿರಲಿಲ್ಲ. ಒಂದಿನ ನಾನು ಡಬ್ಬಿ ಮರೆತು ಬಂದೆ. ಗೆಳತಿಯರೆಲ್ಲ ಆಟದ ಮೈದಾನಕ್ಕೆ ಹೋಗಿದ್ದರು. ಅವಳು ಎದ್ದು ಬಂದು ತನ್ನ ಡಬ್ಬಿಯನ್ನು ನನ್ನ ಬೆಂಚಿನ ಮೇಲಿಟ್ಟು, ಏನೂ ಮಾತಾಡದೆ ವಾಪಸ್ ಹೋಗಿ ಕೂತಳು. ಮುಚ್ಚಳ ತೆಗೆದೆ. ಚಿತ್ರಾನ್ನ. ನಮ್ಮಮ್ಮ ಮಾಡುವಂಥದ್ದೇ, ಕಡಲೆಬೀಜ ಮಾತ್ರ ಜಾಸ್ತಿ. ಅರ್ಧ ತಿಂದೆ. ಅಷ್ಟರಲ್ಲಿ ಗೆಳತಿಯರು ಬಾಗಿಲ ಹತ್ತಿರ ಬರುವ ಸದ್ದಾಯಿತು. ನಾನು ಡಬ್ಬಿಯನ್ನು ಬೆಂಚಿನ ಕೆಳಗೆ ತಳ್ಳಿದೆ. ಅವಳು ಅದನ್ನು ನೋಡಿದಳು.

'ಆಮೇಲೆ?'

'ಮಾರ್ಚಿಗೆ ಅವರಪ್ಪನಿಗೆ ಮತ್ತೆ ವರ್ಗವಾಯ್ತು. ನಾನು ಮಾತಾಡಿಸಲೇ ಇಲ್ಲ. ಸಿನಿಮಾದಲ್ಲಿ ಅದೇ ಕಾಣಿಸ್ತಿತ್ತು.'

ಅವನು ಸುಮಾರು ಹೊತ್ತು ಮಳೆ ನೋಡುತ್ತಿದ್ದ. 'ಅವತ್ತೇ ಇದನ್ನ ಹೇಳಿದ್ರೆ ನಾನೂ ಹೋಗಿ ನೋಡ್ತಿದ್ದೆ ಚಿಕ್ಕಮ್ಮ' ಅಂದ. ಮೊಬೈಲು ತೆಗೆದು ಸಿನಿಮಾದ ಹೆಸರು ಬರೆದು ಹುಡುಕಿದ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಮಳೆಗೆ ಸಿಗ್ನಲ್ ಹೋಗಿತ್ತು. ಬರಲಿ ಅಂತ ಮೊಬೈಲನ್ನು ಇಬ್ಬರ ಮಧ್ಯೆ ಇಟ್ಟುಕೊಂಡು ಜಗಲಿಯಲ್ಲೇ ಕೂತೆವು.